ಒಂದು ಐದು ಮೂರು ಆರು ಎರಡು ನಾಲ್ಕು

ಖಡಕಿ ಬಜಾರಿನ ಹಿಂದೆ, ನಮ್ಮ ಮನೆಯ ಪತ್ರಾಸಿನ ಕೆಳಗೆ
ಐವತ್ತೊಂದರ ಪ್ಲಿಮತ್ ನಿಂತಿದೆ ಇಟ್ಟಿಗೆಗಳ ಮೇಲೆ.
ಚಕ್ರವಿಲ್ಲ. ಬಾಗಿಲೆರಡು ಮಂಚದಡಿ.
ಬಂಪರು ಬಚ್ಚಲಲ್ಲಿ; ಮಿಂದು ಬಂದವರ ಮೊಣಕಾಲಿಗೆಲ್ಲ
ಅದರ ಗುರುತು.

ಮಾವ ಮದ್ದಿನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಟರ್ನರು.
ಲೇಥು ಅವರ ಎರಡೂ ಕಿವಿಗಳನ್ನು
ಸುರುಳಿ ಸುರುಳಿಯಾಗಿ ಹೆರೆದುಕೊಂಡು ಹೋಯಿತು.
ನಿವೃತ್ತಿಯ ದುಡ್ಡು ಬಂದ ವಾರ
ದಾಪೋಡಿಯ ಗುಜರಿಯಿಂದ ಇದನ್ನು ಎಳೆಸಿ ತಂದರು.
ಅತ್ತೆ ಮೂರು ದಿನ ಉಣ್ಣಲಿಲ್ಲ. ನಾಲ್ಕನೇ ದಿನ
ಡಿಕ್ಕಿಯಲ್ಲಿ ಈರುಳ್ಳಿ ಹರವಿದರು.

ನಾನು ರಾಸ್ತಾ ಪೇಠೆಯಲ್ಲಿ ಹಲ್ಲು ಮಾಡುವವಳು.
ಡಾಕ್ಟರಲ್ಲ. ಡಾಕ್ಟರು ಕಳಿಸಿದ ಬಾಯಿಯಚ್ಚುಗಳಿಗೆ
ಮೇಣ ಹೊಯ್ದು, ಬೇಯಿಸಿ, ಉಜ್ಜಿ, ಹೊಳಪಿಟ್ಟು
ಕಾಣದ ಮುಖಗಳಿಗೆ ನಗೆ ಕಳಿಸುವವಳು.
ಮನೆಗೆ ಬಂದ ಹೊಸತರಲ್ಲಿ ಮಾವ ನನ್ನೊಡನೆ ಮಾತಾಡುತ್ತಿರಲಿಲ್ಲ.
ಕಿವುಡು ಅಂದರು ಎಲ್ಲರೂ. ಅಷ್ಟೇ ಅಲ್ಲವೆಂದು
ನನಗೂ ಗೊತ್ತಿತ್ತು, ಅವರಿಗೂ.

ಮೊದಲ ಮಾತು ಹೊರಟಿದ್ದು ಎಡ ಚಕ್ರದ ಹತ್ತಿರ.
ಪಾನಾ ಹಾಕಿ ಜಗ್ಗಿ ಜಗ್ಗಿ ಎರಡು ಬೋಲ್ಟು ಮುರಿದಿದ್ದರು.
ಮೂರನೆಯದನ್ನು ನಾನು ಬರೀ ಹಟಕ್ಕೆ ಉಲ್ಟಾ ತಿರುಗಿಸಿದೆ.
ಬಿಟ್ಟುಕೊಂಡಿತು, ಬೆಣ್ಣೆಯ ಹಾಗೆ.
ಈ ಗಾಡಿಯ ಎಡಗಡೆಯ ತಿರುಪೆಲ್ಲ ತಿರುವುಮುರುವು.
"ಬಿಗಿ ಮಾಡಾಕತ್ತಿದ್ದೆ ನಾ, ಬಿಚ್ಚತೀನಿ ಅಂತ ತಿಳಕೊಂಡು"
ಅಂದರು, ನೆಲ ನೋಡುತ್ತ.
ಬೋಲ್ಟಿನ ಮಾತೇ ಇರಬೇಕು.

ಅದರ ಕರೆಂಟೂ ಹಾಗೆಯೇ: ಆರೇ ವೋಲ್ಟು, ಪ್ಲಸ್ಸು ಮೈಗೆ.
ಗೊತ್ತಿಲ್ಲದೆ ಸುಟ್ಟ ರೆಗ್ಯುಲೇಟರಿನ ವಾಸನೆ
ದೀಪಾವಳಿಯ ತನಕ ಪರದೆಗಳಲ್ಲಿತ್ತು.

ಗೇರಿನ ಗುಂಡಿ ಒಡೆದಿತ್ತು. ಜೂನಾ ಬಜಾರಿನಲ್ಲಿ ಸಿಗಲಿಲ್ಲ.
ಒಬ್ಬನ ಬಳಿ ಹಡಗಿತ್ತು, ಬಾನೆಟ್ಟಿನ ತುದಿಯ ಪುಟ್ಟ ಹಾಯಿಹಡಗು,
ರಸೀದಿಗಳು ಹಾರದಂತೆ ಮೇಲೆ ಇಟ್ಟಿದ್ದ. ಕೊಡಲೊಲ್ಲ.
ಗುಂಡಿಯನ್ನು ನಾನೇ ಎರೆದೆ, ಹಲ್ಲಿನ ಪುಡಿಯಲ್ಲಿ,
ಎ ಮೂರು ಛಾಯೆ: ಬೀಡಿ ಸೇದುವ ಅರವತ್ತರ ಗಂಡಸರದು.
ಸರಿಯಾಗಿ ಕೂತಿತು.
ಅದೇ ವಾರ ಮಾವನ ಬಾಯಿಯ ಕೊನೆಯ ಹಲ್ಲೂ ಬಿತ್ತು.
ಅಚ್ಚು ತೆಗೆಯಲು ಮೊದಲ ಬಾರಿ ಅವರ ಗಲ್ಲ ಹಿಡಿದೆ.
ಅದೇ ಬಟ್ಟಲು. ಅದೇ ಛಾಯೆ.

ಎದುರು ಮನೆಯ ಘೋಡಕೆಬಾಯಿ ದಿನಾ ಕೇಳುತ್ತಾಳೆ, ಯಾವಾಗ ಓಡುತ್ತದೆ?
ಓಣಿ ಏಳಡಿ, ಗಾಡಿ ಆರೂ ಚಿಲ್ಲರೆ.
ಹೊರಗೆ ಹೇಗೆ ಹೋಗುತ್ತದೆಂದು ಯಾರೂ ಕೇಳಿಲ್ಲ.

ನಿನ್ನೆ, ಭಾನುವಾರ, ಪೆಟ್ರೋಲು ಹೊಯ್ದು ಎಬ್ಬಿಸಿದೆವು.
ಕೆಮ್ಮಿತು, ಉಗುಳಿತು, ಓಣಿಯ ನಾಯಿಗಳನ್ನೆಲ್ಲ ಸೇತುವೆ ದಾಟಿಸಿತು,
ಆಮೇಲೆ ಉಸಿರು ಹಿಡಿಯಿತು.
ಮಾವನ ಬೆನ್ನ ಮೇಲೆ ಬೆರಳು ಬಡಿದು ಹೇಳಿದೆ
ಬಾಯಿಪಾಠ ಮಾಡಿದ್ದ ಕಿಡಿಯ ಸರದಿ:
ಒಂದು ಐದು ಮೂರು ಆರು ಎರಡು ನಾಲ್ಕು
ಒಂದು ಐದು ಮೂರು ಆರು
ಬೇಡ ಎಂದು ತಲೆಯಾಡಿಸಿದರು.
ಉದ್ದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಊರಿ
ಹಿಡಿಯನ್ನು ಕಚ್ಚಿದರು, ನಾನು ಮಾಡಿದ ಹಲ್ಲಲ್ಲಿ,
ಕಣ್ಣು ಮುಚ್ಚಿ, ಒಂದೊಂದರ ಮುಂದೂ ಬಾಗಿ.
ದೇವರ ಕೋಣೆಯಲ್ಲೂ ಹೀಗೆ ಬಾಗಿದ್ದು ನಾನು ಕಂಡಿಲ್ಲ.
"ಮೂರನೇದು ಸುಳ್ಳ ಹೇಳಾಕತ್ತದ."

ನನಗೆ ಆರೂ ಕೇಳುತ್ತಿದ್ದವು, ಸ್ಪಷ್ಟವಾಗಿ.
ಬಿಚ್ಚಿದರೆ ಮೂರನೆಯ ಪ್ಲಗ್ಗು ಒದ್ದೆ, ಕಪ್ಪು.

ಕೆಳಸಾಲು ಒತ್ತುತ್ತದೆ ಎಂದರು ಆಗ, ಬಲಕ್ಕೆ.
ಇಷ್ಟು ದಿನ ಯಾಕೆ ಹೇಳಲಿಲ್ಲ?
ಕೇಳಿಸದವರಂತೆ ಚಿಂದಿಯಲ್ಲಿ ಕೈ ಒರೆಸಿಕೊಂಡರು.
ನಾಳೆ ಲ್ಯಾಬಿಗೆ ಒಯ್ಯಬೇಕು, ಹಲ್ಲನ್ನೂ ಪ್ಲಗ್ಗನ್ನೂ.
ಹಡಗಿನವನಿಗೆ ಇನ್ನೂರು ಹೆಚ್ಚು ಹೇಳಿ ನೋಡಬೇಕು.