ಹೆರಕಲ್ಲಿನ ಹೊಂಡದ ಮ್ಯಾಲ

ಮುರಗೋಡಂದ್ರ ಸವದತ್ತಿ ಕಡಿ ಊರಲ್ಲೋ ತಮ್ಮಾ,
ಇದು, ಈ ಕರೇ ಮೀಸೀದು,
ಅಂತ ಬುಟ್ಟಿ ಬಾಗಿಸಿದಳು ಯಂಕವ್ವ ಬಾರಕೇರ.

ಪಂಗಾಸ ಎಂಟ ತಿಂಗಳಿಗೆ ಕಿಲೋ ತೂಗತೈತಿ.
ಚೀಲದ ಕಾಳು ಬಿದ್ದಲ್ಲಿ ಬಾಯಿ ತೆರೀತೈತಿ,
ನೆರಳು ಸರಿದರ
ಹೊಂಡಕ್ಕ ಹೊಂಡಾನ ಬೆಚ್ಚತೈತಿ.
ನಾ ಲೆಕ್ಕ ಬರಕೊಂಡೆ.

ಚೇಳುಮೀನಿನ ಲೆಕ್ಕ ಆಕಿ ಹೆಬ್ಬಟ್ಟಿನ ಮ್ಯಾಲಿತ್ತು,
ಬಿಳೀ ಗಾಯ, ಮೂರು ದೀವಳಿಗಿ ಹಿಂದಿಂದು.

ಮುರಗೋಡ?
ನಕ್ಕಳು.
ಹೋದ ರೋಹಿಣಿ ಮಳಿ ರಾತ್ರಿ
ಒಡ್ಡು ದಾಟಿ ನಡಕೋತ ಹೋಗಿದ್ದವು.
ಮುಂಜಾನೆ ಬಿದರಿಯವರ ಕಬ್ಬಿನ ಸಾಲಾಗ
ಇಪ್ಪತ್ತೇಳು ಸಿಕ್ಕವು, ಜೀವಂತ.

ಉಳಿದವು?

ಹಿನ್ನೀರಿನ ಕಡಿ ನೋಡಿದಳು,
ಮುಳುಗಿದ ತನ್ನ ಓಣಿ ಇದ್ದ ಕಡಿ.
ದಾರಿ ಗೊತ್ತಿದ್ದವು ಹೋದವು, ಅಂದಳು,
ಬುಟ್ಟಿ ಮ್ಯಾಲ ಹಸೀ ಗೋಣಿ ಹೊಚ್ಚಿ.