ಬೇರೆ ಹಾಳೆ

ಮೂವತ್ತೊಂದು ವರ್ಷ ಇದೇ ರೂಟು:
ದುರ್ಗ, ಭರಮಸಾಗರ, ಆನಗೋಡು, ದಾವಣಗೆರೆ.
ಬ್ಯಾಗಿನ ಪಟ್ಟಿ ಎಡ ಹೆಗಲಲ್ಲಿ ಒಂದು ಗೆರೆ ಕೊರೆದಿದೆ.
ಅಂಗಿ ಬಿಚ್ಚಿದರೆ ಓಬಳೇಶ ಅದರ ಮೇಲೆ ಬೆರಳಿಟ್ಟು
ಮೇಲಿಂದ ಕೆಳಗೆ ಬಸ್ಸು ಓಡಿಸುತ್ತಾನೆ,
ಬಾಯಲ್ಲೇ ಗೇರು.
ಅವನಿಗೆ ಈಗ ಇಪ್ಪತ್ತೊಂಬತ್ತು.

ದಾವಣಗೆರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚು.
ರುದ್ರಮುನಿ ವಕೀಲರು ಓದುತ್ತಿದ್ದಾರೆ:
'ಪಿ.ಎಫ್., ಗ್ರಾಚ್ಯುಟಿ ಬಾಬ್ತು ಹದಿನೆಂಟು ಲಕ್ಷದ ನಲವತ್ತು ಸಾವಿರ,
ಸದರಿ ಫಲಾನುಭವಿಯ ಪಾಲನೆ, ಪೋಷಣೆ, ಔಷಧೋಪಚಾರ...'
ಫಲಾನುಭವಿ!
ಬಾಳೆಹಣ್ಣಿನ ಸಿಪ್ಪೆ ಸುಲಿಯಲು ಬಾರದವನಿಗೆ
ಕಾಯ್ದೆ ಎಂಥ ಹೆಸರಿಟ್ಟಿದೆ.

'ಇನ್ನೊಂದೆರಡು ಸೇರಿಸಿ ಸ್ವಾಮಿ,' ಅಂದೆ.
'ಅನ್ನಕ್ಕೆ ಸಾರು ತಾಗಿದರೆ ತಟ್ಟೆ ದೂಡುತ್ತಾನೆ, ಬೇರೆ ಬೇರೆ ಬಡಿಸಬೇಕು.
ಪಟಾಕಿ ಹೊಡೆಯೋ ದಿನ ಮಂಚದ ಕೆಳಗೆ ಸೇರುತ್ತಾನೆ,
ಎಳೀಬಾರದು. ಜೊತೆಗೆ ತಾವೂ ತೂರಿಕೊಂಡು ಮಲಗಬೇಕು.'
'ಪತ್ರದಲ್ಲಿ ಅದೆಲ್ಲ ಹಿಡಿಯೋದಿಲ್ಲ ಯಜಮಾನ್ರೇ,
ಬೇರೆ ಹಾಳೆಯಲ್ಲಿ ಬರೆದಿಡಿ.'
ಛಾಪಾ ಕಾಗದಕ್ಕೆ ರೇಟಿದೆ, ಬೇರೆ ಹಾಳೆಗಿಲ್ಲ.

ಟ್ರಸ್ಟಿ ಅಂತ ಮೊದಲು ಖಲಂದರನ ಹೆಸರು ಕೊಟ್ಟಿದ್ದೆ.
ಹತ್ತೊಂಬತ್ತು ವರ್ಷ ಅವನ ಸ್ಟೇರಿಂಗು, ನನ್ನ ಸೀಟಿ.
'ಅವರಿಗೆಷ್ಟು?' 'ಅರವತ್ತೆರಡು.'
'ನಿಮಗೆ?' 'ಅರವತ್ತೊಂದು.'
'ಇಬ್ಬರೂ ಒಂದೇ ಸ್ಟಾಪಲ್ಲಿ ಇಳಿಯೋರು,' ಅಂತ
ಹೆಸರಿಗೆ ಗೀಟು ಹೊಡೆದರು.
ಖಲಂದರ್ ನಕ್ಕ, ಕೆಮ್ಮಿದ, ಮಗಳು ಶಬಾನಾಳನ್ನು ಕಳಿಸಿದ.
ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಹುಡುಗಿ,
ಬಂದವಳೇ ಓಬಳೇಶನ ಪಕ್ಕ ಕೂತು
ತನ್ನ ಪೆನ್ನು ಅವನಿಗೆ ಕೊಟ್ಟಳು.

ಚಂದ್ರಕಲಾ ಮಾತಾಡುತ್ತಿಲ್ಲ.
ಹರಿಹರದಿಂದ ಬೆಳಗಿನ ಬಸ್ಸಿಗೆ ಬಂದು
ಕಿಟಕಿ ಕಡೆ ಮುಖ ಮಾಡಿದ್ದಾಳೆ.
'ಅಕ್ಕ ಅನ್ನೋಳು ನಾನಿಲ್ಲೇನಪ್ಪ?
ನನ್ನ ತಮ್ಮನ್ನ ನೋಡ್ಕಳಾಕೆ ಕಾಗದ ಬೇಕಾ?'
ಮೊನ್ನೆ ಕೇಳಿದ್ದಳು. ಉತ್ತರ ಕೊಡಲಿಲ್ಲ.
ಹೇಗೆ ಹೇಳಲಿ, ಮಗಳೇ.
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬಾಕಿ ಬರೆದು ಕೊಡುತ್ತಿದ್ದೆ.
ಜನ ಊರು ಬರುವ ತನಕ ಆ ಚೀಟಿಯನ್ನೇ ಹಿಡಿದು ಕೂರುತ್ತಿದ್ದರು,
ಕಿಟಕಿಯಾಚೆ ಜೋಳ ತೆನೆ ಬಿಟ್ಟಿದ್ದು ನೋಡುತ್ತಿರಲಿಲ್ಲ.
ನಿನ್ನ ತಮ್ಮ ನಿನ್ನ ಕೈಯಲ್ಲಿ
ಅಂಥ ಚೀಟಿಯಾಗುವುದು ಬೇಡ.

ಸಿದ್ದಮ್ಮ ಹೋಗಿ ನಾಲ್ಕು ವರ್ಷ.
'ಇವನಿಗಿಂತ ಒಂದೇ ಒಂದು ದಿನ ಹೆಚ್ಚಿಗೆ ಇಡಪ್ಪ ನನ್ನ'
ಅಂತ ಸೋಮವಾರ ಸೋಮವಾರ ದೀಪ ಹಚ್ಚುತ್ತಿದ್ದಳು.
ಆ ಹರಕೆಯ ಹೊಟ್ಟೆಯೊಳಗೆ ಏನಿದೆ ಎಂದು
ಒಂದು ಸಂಜೆ ಅವಳಿಗೇ ಹೊಳೆಯಿತು.
ಆಮೇಲೆ ಹಚ್ಚಲಿಲ್ಲ.

ಡ್ಯೂಟಿ ದಾರಿ ಮಧ್ಯೆಯೇ ಬದಲಾಗುತ್ತಿತ್ತು ಒಮ್ಮೊಮ್ಮೆ.
ತಲೆ ಎಣಿಸಿ, ವೇ ಬಿಲ್ಲಿಗೆ ಸಹಿ ಹಾಕಿ, ಹೊಸಬನಿಗೆ
'ಹಿಂದಿನ ಸೀಟಲ್ಲಿ ಒಬ್ಬ ಅಜ್ಜಿ ನಿದ್ದೆ ಮಾಡ್ತಾವಳೆ,
ಭರಮಸಾಗರ ಬಂದಾಗ ಎಬ್ಬಿಸಪ್ಪ' ಅಂದು ಇಳಿಯುತ್ತಿದ್ದೆ.
ಬಸ್ಸು ಹೊರಟುಹೋಗುತ್ತಿತ್ತು.
ಎಬ್ಬಿಸಿದನೋ ಇಲ್ಲವೋ
ಒಂದು ದಿನವೂ ನನಗೆ ಗೊತ್ತಾಗಲಿಲ್ಲ.

ನಮ್ಮ ನಂಬರು ಕೂಗಿದರು.
ನಾನು, ಚಂದ್ರಕಲಾ, ಶಬಾನಾ ಒಬ್ಬೊಬ್ಬರೇ
ಗಾಜಿನ ಮೇಲೆ ಹೆಬ್ಬೆಟ್ಟು ಒತ್ತಿದೆವು.
ಓಬಳೇಶನೂ ಬಂದು ಒತ್ತಿದ. 'ಇವರದು ಬೇಕಿಲ್ಲ,' ಅಂದ ಗುಮಾಸ್ತ.
ಒತ್ತಿದ ಬೆರಳು ತೆಗೆಯಲಿಲ್ಲ ಅವನು, ದೀಪ ಹತ್ತಲಿ ಎಂದು.
ಸಾಲು ಕಾಯಿತು.
ಕಡೆಗೆ ಚಂದ್ರಕಲಾ ಅವನ ಹೆಬ್ಬೆರಳನ್ನು
ತನ್ನ ಮುಷ್ಟಿಯಲ್ಲಿ ಮುಚ್ಚಿಕೊಂಡು ಹೊರಗೆ ಕರೆದೊಯ್ದಳು.

ರಾತ್ರಿ ಆನಗೋಡಿನಲ್ಲಿ ಕರೆಂಟಿಲ್ಲ.
ಬೇರೆ ಹಾಳೆ ತೆಗೆದು ಬ್ಯಾಟರಿ ಬೆಳಕಲ್ಲಿ ಬರೆಯುತ್ತಿದ್ದೇನೆ:

ಮಲಗುವ ಮುಂಚೆ ಟಿಕೆಟ್ಟಿಗೆ ಕೈ ಚಾಚುತ್ತಾನೆ.
ಯಾವ ಚೀಟಿಯಾದರೂ ನಡೆಯುತ್ತದೆ.
'ಎಲ್ಲಿಗೆ?' ಎಂದು ಕೇಳಬೇಕು.
ಹೇಳುವುದಿಲ್ಲ. ಕಾಯಬೇಕು.
ಆಮೇಲೆ ಹರಿದು ಕೊಡಬೇಕು.