ಪಿತ್ತ ನೆತ್ತಿಗೇರಿದ್ದು

ಕಂದಕದಲ್ಲಿ, ಒಣಮೀನಿನ ಗೋದಾಮಿನ ಮೇಲೆ ನಮ್ಮ ಲ್ಯಾಬು.
ಬೆಳಿಗ್ಗೆ ಆರೂವರೆಗೆ ಶಟರ್ ಎತ್ತುವಾಗ
ಖಾಲಿ ಹೊಟ್ಟೆಯವರು ಮೆಟ್ಟಿಲಲ್ಲೇ ಕೂತಿರುತ್ತಾರೆ
ಚಹಾ ಕುಡಿಯದ ಸಿಟ್ಟನ್ನು ನನ್ನ ಮೇಲೆ ಇಟ್ಟುಕೊಂಡು.

ದೂಮಣ್ಣ ಬಂದದ್ದು ಧಕ್ಕೆಯಿಂದ ನೇರ.
ದೂಮಪ್ಪ ಮೆಂಡನ್, ಮೀನಿನ ಏಲಂ ಕೂಗುವವನು.
ಸ್ಪಿರಿಟ್ ಹತ್ತಿಯಲ್ಲಿ ತೋಳು ಒರೆಸಿದರೆ
ಬಂಗುಡೆಯ ಹುರುಪೆ ಒಂದು
ಬೆಳ್ಳಿಯ ಹಾಗೆ ಹತ್ತಿಗೆ ಅಂಟಿ ಬಂತು.
"ಎಷ್ಟು ತೆಗೀತೀರಿ ಅಕ್ಕಾ?"
"ಐದು ಎಂ.ಎಲ್."
"ಐದಕ್ಕೆ ಒಂದು, ಐದಕ್ಕೆ ಎರಡು,
ಐದಕ್ಕೆ ಮೂರು, ಬಿಟ್ಟೆ, ತಕ್ಕೊಳ್ಳಿ!"
ಸರದಿಯಲ್ಲಿದ್ದವರ ಸಿಟ್ಟೂ ಸ್ವಲ್ಪ ಕರಗಿತು.

ಮಧ್ಯಾಹ್ನ ಯಂತ್ರ ಹೇಳಿತು
ಗಾಮಾ ಜಿಟಿ ನೂರ ಮೂವತ್ತೆಂಟು.
ಪಕ್ಕದಲ್ಲೊಂದು ನಕ್ಷತ್ರ.
ಯಾವ ಜಾತಕದ್ದೂ ಅಲ್ಲ ಅದು,
ಗೆರೆ ದಾಟಿದ ಅಂಕಿಗೆ
ಪ್ರಿಂಟರು ತಾನಾಗಿ ಹಾಕುವ ಚುಕ್ಕಿ.

ಡಾಕ್ಟರು ಕಾಗದ ನೋಡಿದರು, ಮುಖ ನೋಡಲಿಲ್ಲ.
"ಕುಡಿಯೋದು ಬಿಡಿ" ಅಂದರು.
ಬಿಡುವುದಕ್ಕೆ ಅವನು ಹಿಡಿದದ್ದೇ ಇಲ್ಲ.

ಮಾರನೇ ದಿನ ಜಲಜಕ್ಕ ಒಬ್ಬಳೇ ಮೆಟ್ಟಿಲು ಹತ್ತಿ ಬಂದಳು,
ಕೌಂಟರಿನ ಗಾಜಿಗೆ ಬಾಯಿ ಹತ್ತಿರ ತಂದು
"ಸತ್ಯ ಹೇಳಿ, ರಕ್ತ ಸುಳ್ಳು ಹೇಳ್ತದಾ?"
ಇಲ್ಲ ಅಂದೆ.
ಅದು ಅರ್ಧ ಮಾತು.
ಹೇಳಿದ್ದನ್ನು ನಾವು ತಪ್ಪಾಗಿ ಕೇಳಿಸಿಕೊಳ್ಳುತ್ತೇವೆ ಎಂಬ ಇನ್ನರ್ಧ
ನಾಲಿಗೆಯ ತನಕ ಬಂದಿತ್ತು,
ಟೋಕನ್ ಇಪ್ಪತ್ತಮೂರು ಕಾಯುತ್ತಿತ್ತು.

ಆಮೇಲೆ ಅವಳು ದಿನಾ ರಾತ್ರಿ ಅವನ ಅಂಗಿ ಮೂಸಿದಳಂತೆ.
ಮೀನು, ಡೀಸೆಲ್, ಐಸಿನ ತೌಡು.
"ಕುಡಿಯದೆಯೇ ಕುಡುಕ ಆದೆ ಅಕ್ಕಾ" ಅಂತ
ಒಂದು ದಿನ ಬಸ್ ಸ್ಟಾಪಿನಲ್ಲಿ ನಕ್ಕ.
ಮತ್ತೆ ಲ್ಯಾಬಿನ ಕಡೆ ತಲೆ ಹಾಕಲಿಲ್ಲ.
ಬಿ.ಪಿ. ನೋಡಿಸಿದ್ದಾನಾ ಎಂದು ನಾನೂ ಕೇಳಲಿಲ್ಲ,
ನನ್ನ ಕೆಲಸ ಸೂಜಿಯದ್ದು.

ನನ್ನ ಅಜ್ಜಿ ಬೈಯುತ್ತಿದ್ದಳು,
"ಏನೋ, ಪಿತ್ತ ನೆತ್ತಿಗೇರಿತಾ ನಿನಗೆ?"
ಬರೀ ಬೈಗುಳ ಅಂದುಕೊಂಡಿದ್ದೆವು.
ಯಕೃತ್ತು ಸೋರಿಸುವ ಈ ಸಣ್ಣ ಕಣ
ರಕ್ತದ ದೋಣಿ ಹತ್ತಿ ಊರೆಲ್ಲ ಸುತ್ತುತ್ತದೆ,
ಹೆಂಡ ಮುಟ್ಟದವರಲ್ಲೂ.
ಇದು ಏರಿದವರಲ್ಲಿ ಮಿದುಳಿನ ಹೊಡೆತ ಹೆಚ್ಚು ಕಂಡಿದೆ ಎಂದು
ಎಲ್ಲೋ ಓದಿದ್ದೆ, ಅಂಡರ್‌ಲೈನ್ ಕೂಡ ಮಾಡಿದ್ದೆ.
ಸಾವಿರ ಜನರ ಲೆಕ್ಕಕ್ಕೆ ಸರಿ.
ಒಬ್ಬ ದೂಮಣ್ಣನಿಗೆ ಅದು ಬರೀ ಗಾಳಿಯ ದಿಕ್ಕು,
ಬಿರುಗಾಳಿಯ ಸಾಕ್ಷಿ ಅಲ್ಲ.
ಆದರೂ ಗಾಳಿ ತಿರುಗಿದ್ದನ್ನು
ದೋಣಿಯವನಿಗೆ ಹೇಳದೇ ಇರುತ್ತಾರಾ?

ಹದಿನಾಲ್ಕು ತಿಂಗಳ ಮೇಲೆ, ಧಕ್ಕೆಯಲ್ಲಿ,
ಅಂಜಲಿನ ಬುಟ್ಟಿಯ ಎದುರು
"ಎರಡು ಸಾವಿರದ ನಾ..." ಎಂದು ನಿಂತ.
ನಾ... ನಾ...
ಗಿರಾಕಿಗಳು ಇದೂ ಅವನ ಒಂದು ಪಟ್ಟು ಎಂದುಕೊಂಡರು.
ಹಿಂದಿನಿಂದ ಯಾರೋ ಕೂಗಿದರು, ಎರಡೂವರೆ!
ಇನ್ನೊಬ್ಬರು ಅದರ ಮೇಲೆ ನೂರು.
ಬಾಯಿಯ ಬಲಗಡೆ ಇಳಿದದ್ದು
ಬುಟ್ಟಿ ಹೊರುವ ಹುಡುಗನಿಗೆ ಮಾತ್ರ ಕಂಡಿತು.
ವೆನ್ಲಾಕಿಗೆ ರಿಕ್ಷಾದಲ್ಲಿ ಹಾಕಿಕೊಂಡು ಹೋದದ್ದೂ ಅವನೇ.

ಈಗ ತಿಂಗಳಿಗೊಮ್ಮೆ ಬರುತ್ತಾನೆ.
ಎಡಗೈ ಚಾಚುತ್ತಾನೆ, ಹುರುಪೆ ಇಲ್ಲದ್ದು.
ನಾನೇ ಕೂಗುತ್ತೇನೆ, ಐದಕ್ಕೆ ಒಂದು, ಐದಕ್ಕೆ ಎರಡು,
ಅವನ ತುಟಿ ಬಹಳ ದೂರದಿಂದ
"ಮೂ" ಎಂಬುದನ್ನು ಎಳೆದು ತರುತ್ತದೆ.
"ರು" ಕೆಲವು ಸಲ ಬರುತ್ತದೆ.

ಇವತ್ತಿನ ಅಂಕಿ ಎಪ್ಪತ್ತೊಂದು.
ಇಳಿದಿದೆ, ನಕ್ಷತ್ರ ಹೋಗಿಲ್ಲ.
ಜಲಜಕ್ಕ ಅದರ ಮೇಲೆ ಬೆರಳಿಟ್ಟು ಕೇಳಿದಳು,
"ಇದು ಎಂತದ್ದು?"

ಟೋಕನ್ ಹದಿನೇಳು ಕಾಯಲಿ.
ಗಾಜಿನ ಈಚೆ ಬಂದು
ಸ್ಟೂಲು ಎಳೆದು ಕೂತೆ.
"ಆವತ್ತು ಅವರು ಕುಡಿದಿರಲಿಲ್ಲ" ಎಂದು ಶುರು ಮಾಡಿದೆ.

ಅವಳು ಬಹಳ ಹೊತ್ತು ಗಂಡನ ಅಂಗಿಯ ಕಾಲರನ್ನೇ ನೋಡಿದಳು.
ಕೆಳಗೆ ಗೋದಾಮಿನಲ್ಲಿ
ಒಣಸಿಗಡಿಗೆ ಯಾರೋ ಚೌಕಾಸಿ ಮಾಡುತ್ತಿದ್ದರು.
ದೂಮಣ್ಣ ಕಿವಿ ಕೊಟ್ಟು ಕೇಳುತ್ತಿದ್ದ,
ಆ ರೇಟು ಸರಿಯಿಲ್ಲ ಎಂಬಂತೆ
ತಲೆ ಆಡಿಸಿದ.